ಕ್ಯಾತ್ಸಂದ್ರಕ್ಕೆ ಎರಡು ಟಿಕೆಟ್

ಹೋದ ಭಾನುವಾರ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಯಾರ ಕೈಯನ್ನೂ ಹಿಡಿಯದೆ ಸಿಟಿ ಬಸ್ ಹತ್ತಿದೆ. ಲಕ್ವ ಹೊಡೆದು ಹನ್ನೊಂದು ತಿಂಗಳಾಯಿತು. ಇಷ್ಟು ದಿನ ವಿಚಾರಿಸಿದವರಿಗೆಲ್ಲ "ಪರವಾಗಿಲ್ಲ" ಅಂತಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ನಮ್ಮಂಥ ಕಂಡಕ್ಟರುಗಳು ಚಿಲ್ಲರೆ ಬಾಕಿ ಉಳಿಸಿಕೊಳ್ಳುತ್ತಾರೆ ಅಂತ ಜನ ಬೈಯೋದು ಗೊತ್ತಲ್ಲ, ನನ್ನನ್ನು ಮತ್ತೆ ನಡೆಸಿದವರಿಗೆ ಥ್ಯಾಂಕ್ಸ್ ಹೇಳುವ ಈ ಬಾಕಿಯನ್ನಾದರೂ ತೀರಿಸಿಬಿಡುತ್ತೇನೆ.

ಮೊದಲು ನಮ್ಮನೆಯವಳಿಗೆ. ಅವತ್ತು ಬೆಳಗ್ಗೆ ಆರೂಕಾಲಿಗೆ ಕಾಫಿ ಲೋಟ ನನ್ನ ಎಡಗೈಯಿಂದ ಜಾರಿತು. ನಿದ್ದೆ ಮಂಪರು ಅಂದುಕೊಂಡೆ. "ಇದೇನ್ರೀ, ಬಾಯಿ ಸೊಟ್ಟಗಾಗಿದೆ" ಅಂದವಳೇ ಎದುರುಮನೆ ಆಟೋ ಹುಡುಗನನ್ನು ಎಬ್ಬಿಸಿದಳು. ಮೊದಲು ಹೋದ ಕಡೆ, ಹೆಸರು ಬೇಡ, ಸುಸ್ತಿರಬೇಕು, ಒಂದು ಡ್ರಿಪ್ ಹಾಕ್ತೀವಿ ಅಂದರು. ಇವಳು ಒಪ್ಪಲಿಲ್ಲ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಆಟೋ ತಿರುಗಿಸಿದಳು. ಮೆದುಳಿನಲ್ಲಿ ರಕ್ತ ಸೋರಿಲ್ಲ ಅಂತ ಸ್ಕ್ಯಾನಿನಲ್ಲಿ ನೋಡಿಕೊಂಡ ಮೇಲೆಯೇ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಕೊಡೋದಂತೆ, ಅದೂ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ. ನನಗೆ ಒಂಬತ್ತಕ್ಕೆಲ್ಲ ಕೊಟ್ಟಾಗಿತ್ತು. ಬಿಪಿ ಮಾತ್ರೆಯನ್ನು ಮೂರು ತಿಂಗಳ ಹಿಂದೆ ನಾನೇ ನಿಲ್ಲಿಸಿದ್ದೆ, ಚೆನ್ನಾಗೇ ಇದ್ದೀನಲ್ಲ ಅಂತ. ಅದನ್ನು ಅವಳು ದಿನಕ್ಕೊಂದು ಸಲ ನೆನಪಿಸುತ್ತಾಳೆ. ನೆನಪಿಸಲಿ ಬಿಡಿ.

ಆ ಆಟೋ ಹುಡುಗ ಇವತ್ತಿಗೂ ಬಾಡಿಗೆ ತಗೊಂಡಿಲ್ಲ. ಏನಪ್ಪಾ, ಇದನ್ನು ಓದ್ತಿದ್ದರೆ ಮನೆಗೆ ಬಾ.

ಪ್ರಾಣ ಉಳಿಯಿತು, ಎಡಗಾಲು ಮಾತ್ರ ಮಾತು ಕೇಳಲಿಲ್ಲ. ನಾನು ಪಾವಗಡ ರೂಟಿನ ಪ್ರೈವೇಟ್ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದವನು. ಕೊರಟಗೆರೆ, ಮಧುಗಿರಿ ತಿರುವುಗಳಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿದವನು. ಅಂಥವನಿಗೆ ಬಚ್ಚಲಿಗೆ ಹೋಗಲು ಇಬ್ಬರು ಬೇಕಾಯಿತು.

ಎರಡನೇ ತಿಂಗಳಲ್ಲಿ ಫಿಸಿಯೋ ಮೇಡಂ ನನ್ನನ್ನು ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿದರು. ಎದೆಗೆ, ತೊಡೆಗೆ ಬೆಲ್ಟು ಬಿಗಿದು ಮೇಲಿನ ಕಬ್ಬಿಣದ ಕಂಬಿಗೆ ತೂಗುಹಾಕಿದರು. ಮೈಭಾರದಲ್ಲಿ ಒಂದಿಷ್ಟನ್ನು ಆ ಬೆಲ್ಟೇ ಹೊರುತ್ತೆ. ಷರ್ಟಿಗೊಂದು ಕ್ಲಿಪ್ಪು, ಅದಕ್ಕೊಂದು ದಾರ. ದಾರ ಕಿತ್ತರೆ ಮಿಷನ್ ನಿಲ್ಲುತ್ತೆ. ನಮ್ಮ ಹಳೇ ಬಸ್ಸಿನ ಬೆಲ್ ಹಗ್ಗ ನೆನಪಾಗಿ ನಗು ಬಂತು. ವೇಗ ಗಂಟೆಗೆ ಅರ್ಧ ಕಿಲೋಮೀಟರ್. ಆದರೂ ಕಾಲಡಿ ಪಟ್ಟಿ ಸರಿದ ಕೂಡಲೇ ಬೆವರು ಕಿತ್ತುಕೊಂಡು ಬಂತು. ಮೇಡಂ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಪ್ರತಿ ಹೆಜ್ಜೆಗೂ ನನ್ನ ಎಡ ಹಿಮ್ಮಡಿಯನ್ನು ಕೈಯಲ್ಲೇ ಎತ್ತಿ ಮುಂದಿಡುತ್ತಿದ್ದರು. ಕಾಲ್ಬೆರಳು ಪಟ್ಟಿಗೆ ತಾಗಿ ಸರ್ರ್ ಅಂತ ಸದ್ದು ಬರುತ್ತಿತ್ತು. ನಾನು ಸೊಂಟ ಎತ್ತಿ ಕಾಲನ್ನು ಸುತ್ತಿಸಿ ಹಾಕಿದರೆ, "ಅಂಕಲ್, ಕಳ್ಳಾಟ ಬೇಡ, ಮಂಡಿ ಮಡಚಿ" ಅಂತ ಗದರುತ್ತಿದ್ದರು. ಮಗಳಿಗಿಂತ ಚಿಕ್ಕ ಹುಡುಗಿ! ವಾರಕ್ಕೆ ಮೂರು ದಿನ, ಮೊದಲೂ ಆಮೇಲೂ ಬಿಪಿ ನೋಡಿ. ಐದು ವಾರಕ್ಕೆ ಆ ಸರ್ರ್ ಸದ್ದು ಕಮ್ಮಿಯಾಯಿತು. ಅದು ಮೊದಲು ಗೊತ್ತಾಗಿದ್ದು ನನಗಲ್ಲ, ಅವರಿಗೆ.

ಮಿಷನ್ನೇ ದೇವರು ಅಂತ ನಾನು ಹೊಗಳತೊಡಗಿದಾಗ ಅವರೇ ತಡೆದರು. 2011ರಲ್ಲಿ ಅಮೆರಿಕದಲ್ಲಿ 408 ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿ ಫಲಿತಾಂಶ ಹೇಳಿದ್ದರಂತೆ. ಕೆಲವರಿಗೆ ಹೀಗೆ ಬೆಲ್ಟು ಕಟ್ಟಿ ಟ್ರೆಡ್‌ಮಿಲ್, ಕೆಲವರಿಗೆ ಫಿಸಿಯೋ ಮನೆಗೇ ಹೋಗಿ ಮಾಡಿಸಿದ ವ್ಯಾಯಾಮ. ವರ್ಷದ ಹೊತ್ತಿಗೆ ನೂರಕ್ಕೆ 52 ಜನರ ನಡಿಗೆ ಸುಧಾರಿಸಿತ್ತು, ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. "ಮಿಷನ್ ಇಲ್ಲದ ದಿನ ಮನೇಲಿ ಏನ್ ಮಾಡ್ತೀರ, ಅದನ್ನ ಹೇಳಿ" ಅಂದರು. ದುಡ್ಡು ಕೊಡುವವನಿಗೆ ಹೀಗೆ ನಿಜ ಹೇಳುವವರು ಎಷ್ಟು ಜನ ಇದ್ದಾರೆ? ಟ್ರೆಡ್‌ಮಿಲ್ ಸಿಗದೆ ಬೇಜಾರಾಗಿರುವವರು ಇದನ್ನು ಓದಲಿ ಅಂತಲೇ ಬರೆದೆ.

ಮಿಷನ್ ಇಲ್ಲದ ದಿನ ನಮ್ಮ ಡ್ರೈವರಣ್ಣ ಬರುತ್ತಿದ್ದರು. ಇಪ್ಪತ್ತಾರು ವರ್ಷ ನಾನು ರೈಟ್ ಅಂದರೆ ಹೊರಟ ಮನುಷ್ಯ. ಅಮಾನಿಕೆರೆ ಪಾರ್ಕಿನಲ್ಲಿ ನನ್ನ ಎಡಗಡೆಗೇ ನಡೆಯುತ್ತ, ಈಗ ಅವರು "ರೈಟ್, ರೈಟ್" ಅನ್ನುತ್ತಿದ್ದರು. ಮೊದಲ ದಿನ ಒಂದು ಬೆಂಚಿನಿಂದ ಇನ್ನೊಂದು ಬೆಂಚು, ಅಷ್ಟೇ. ಅವರು ಜಾಸ್ತಿ ಮಾತಾಡುವವರಲ್ಲ. ಥ್ಯಾಂಕ್ಸ್ ಅಂದರೆ ಎದ್ದು ಹೋಗುತ್ತಾರೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಭಾನುವಾರದ ಬಸ್ಸಿನ ಕಂಡಕ್ಟರ್ ಚಿಕ್ಕ ಹುಡುಗ. "ಎಲ್ಲಿಗಣ್ಣ?" ಅಂದ. ಕ್ಯಾತ್ಸಂದ್ರ, ಎರಡು ಅಂದೆ. ಶಕ್ತಿ ಯೋಜನೆ ಅಲ್ವಾ, ಇವಳಿಗೆ ಸೊನ್ನೆ ಟಿಕೆಟ್, ನನಗೆ ಮಾತ್ರ ದುಡ್ಡು. ಇಳಿದು ತಟ್ಟೆ ಇಡ್ಲಿ ತಿನ್ನೋದು ಅಂತ ಒಪ್ಪಂದವಾಗಿತ್ತು, ಬೆಣ್ಣೆ ಇಲ್ಲದೆ. ಸೀಟು ಖಾಲಿ ಇತ್ತು. ನಾನು ಕೂರಲಿಲ್ಲ. ಒಂದು ಕೈ ಕಂಬಿಯ ಮೇಲಿಟ್ಟು ಬಟವಾಡಿವರೆಗೂ ನಿಂತೇ ಬಂದೆ. ಆಮೇಲೆ ಅವಳು ಷರ್ಟು ಹಿಡಿದು ಎಳೆದು ಕೂರಿಸಿದಳು.