ಏನನ್ನೂ ಕೇಳದ ಸಂಗೀತ

ಲೋ ಗೊರಬು,

ಫೋನ್ ಮಾಡೋದು ಬಿಟ್ಟು ಹತ್ತು ಜನ ಓದೋ ಜಾಗದಲ್ಲಿ ಕಾಗದ ಹಾಕಿದ್ದಾನಲ್ಲ, ಇವನಿಗೇನು ರೋಗ ಅಂತ ಬೈಕೋಬೇಡ. ಕಾರಣ ಇದೆ, ಆಮೇಲೆ ಹೇಳ್ತೀನಿ. ಉಳಿದ ಓದುಗರಿಗೆ ನಮಸ್ಕಾರ. ಇವನಿಗೆ ಗೊರಬು ಅಂತ ಯಾಕೆ ಹೆಸರು ಬಂತು ಅಂತ ಕೇಳಬೇಡಿ, ಇವನನ್ನು ಹೆತ್ತ ತಾಯಿಗೂ ಗೊತ್ತಿಲ್ಲ.

ಇಲ್ಲಿ ಪುನರ್ವಸು ಮಳೆ ಹಿಡಿದು ಕೂತಿದೆ ಮಾರಾಯ. ಬೆಳಿಗ್ಗೆ ಎಂಟಕ್ಕೆ ಅಳೆದರೆ 3 ಇಂಚು 15 ಸೆಂಟ್ಸ್. ಲೋಕವೆಲ್ಲ ಮಿಲಿಮೀಟರಿಗೆ ಹೋದರೂ ಕಾಫಿ ತೋಟದವರು ಇಂಚು-ಸೆಂಟ್ಸ್ ಬಿಟ್ಟಿಲ್ಲ. ಮೂಡಿಗೆರೆ ಕಡೆಯ ಈ ತೋಟಕ್ಕೆ ನಾನು ರೈಟರ್ ಆಗಿ ಬಂದು ಇದು ಮೂರನೇ ಮಳೆಗಾಲ. ರೈಟರ್ ಅಂದ ಕೂಡಲೇ ‘ಓ, ಕಥೆಯೋ ಕವನವೋ’ ಅನ್ನುತ್ತಾರೆ ಹೊರಗಿನವರು. ಚೆಕ್‌ರೋಲ್ ಬರೀತೀನಿ ಸ್ವಾಮಿ. ಚಿಗುರು ತೆಗೆದವರು ಎಷ್ಟು, ಕಳೆ ಹೊಡೆದವರು ಎಷ್ಟು, ಅರ್ಧ ದಿನಕ್ಕೆ ಜ್ವರ ಅಂತ ಹೋದವರು ಯಾರು. ಅಷ್ಟೇ ನನ್ನ ಸಾಹಿತ್ಯ.

ಸಂಕ್ರಾಂತಿಗೆ ಬಂದಾಗ ನನ್ನ ಫೋನಿಗೆ ಆಂಬಿಯೆಂಟ್ ಸಂಗೀತ, ಅಂದರೆ ಹಿನ್ನೆಲೆಯಲ್ಲಿ ಸುಮ್ಮನೆ ಇರೋ ಸಂಗೀತ ಅಂತ ಒಂದಷ್ಟು ತುಂಬಿಸಿಕೊಟ್ಟು ಹೋದೆಯಲ್ಲ, ಅದರ ವಿಷಯ ಬರೀಬೇಕು ಅಂತಲೇ ಕೂತಿದ್ದು. ಮೊದಲು ಹಚ್ಚಿದ್ದು ಬ್ರಯನ್ ಈನೊ ಅನ್ನೋ ಇಂಗ್ಲೆಂಡಿನ ಸಂಗೀತಗಾರ 1978ರಲ್ಲಿ ಮಾಡಿದ ಆಲ್ಬಮ್. ಹೆಸರೇ ವಿಮಾನ ನಿಲ್ದಾಣಗಳಿಗೆ ಸಂಗೀತ. ವಿಮಾನ ನಿಲ್ದಾಣವೇ ಇಲ್ಲದ ಜಿಲ್ಲೆಯಲ್ಲಿ, ಸೋರುವ ಕ್ವಾರ್ಟರ್ಸಿನಲ್ಲಿ, ಸೀಮೆಎಣ್ಣೆ ವಾಸನೆಯ ಕಂಬಳಿ ಹೊದ್ದು ನಾನು ಅದನ್ನು ಕೇಳಿದೆ. ಪಿಯಾನೋದ ನಾಲ್ಕು ಸ್ವರ ಬಂತು, ಸುಮ್ಮನಾಯ್ತು. ಮತ್ತೆ ಬಂತು, ಮತ್ತೆ ಸುಮ್ಮನಾಯ್ತು. ಕಾಲು ಗಂಟೆ ಆದರೂ ಪಲ್ಲವಿ ಬರಲಿಲ್ಲ. ಫೈಲು ಕೆಟ್ಟಿದೆ ಅಂತಲೇ ತಿಳಿದಿದ್ದೆ.

ನನಗೆ ಬುದ್ಧಿ ಕಲಿಸಿದ್ದು ಮಂಗಗಳು. ಮಳೆಗೆ ಮುಂಚೆ ಹೆಂಚು ಸರಿಸಿ ಹೋಗಿದ್ದವು, ಮೂರು ಕಡೆ ಸೋರಿತು. ಒಂದರ ಕೆಳಗೆ ಬಕೆಟ್, ಒಂದಕ್ಕೆ ಹಿತ್ತಾಳೆ ತಪಲೆ, ಒಂದಕ್ಕೆ ಎಣ್ಣೆ ಡಬ್ಬ. ಕರೆಂಟ್ ಹೋದ ರಾತ್ರಿ, ನಿದ್ದೆ ಇಲ್ಲ, ಗಡಿಯಾರ ಹಿಡಿದು ಲೆಕ್ಕ ಹಾಕಿದೆ. ಬಕೆಟ್ಟಿಗೆ ನಾಲ್ಕು ಸೆಕೆಂಡಿಗೊಂದು ಹನಿ, ತಪಲೆಗೆ ಏಳಕ್ಕೊಂದು, ಡಬ್ಬಕ್ಕೆ ಹನ್ನೊಂದಕ್ಕೊಂದು. ಮೂರೂ ಒಟ್ಟಿಗೆ ಬೀಳಬೇಕಾದರೆ 308 ಸೆಕೆಂಡು, ಅಂದರೆ ಐದು ನಿಮಿಷ ಎಂಟು ಸೆಕೆಂಡು ಕಾಯಬೇಕು. ಕಾದೆ ಕಣೋ. ಅಷ್ಟರಲ್ಲಿ ಮಳೆ ಜೋರಾಗಿ ಲೆಕ್ಕ ತಪ್ಪಿಹೋಯ್ತು. ಆದರೆ ಟಕ್, ಟಿಣ್, ಡಬ್ ಅಂತ ಒಂದೊಂದು ಸಲವೂ ಬೇರೆಬೇರೆ ಸಾಲಾಗಿ ಬೀಳುತ್ತಿತ್ತಲ್ಲ, ಬೇಜಾರಾಗಲೇ ಇಲ್ಲ.

ಆ ಪುಣ್ಯಾತ್ಮ ಈನೊ ಮಾಡಿದ್ದೂ ಇದನ್ನೇ! ಅದೇ ಆಲ್ಬಮ್ಮಿನ ಎರಡನೆಯದರಲ್ಲಿ ಬರೀ ಮನುಷ್ಯರ ದನಿ. ಒಂದೊಂದು ಸ್ವರ ಎಳೆದು ಹಾಡಿಸಿ, ಆ ಟೇಪನ್ನು ಬಳೆಯ ಹಾಗೆ ಸುತ್ತಿಸಿ ಬಿಟ್ಟಿದ್ದಾನೆ. ಒಂದು ಬಳೆ ಸುತ್ತಲು ಇಪ್ಪತ್ತಮೂರೂವರೆ ಸೆಕೆಂಡು, ಇನ್ನೊಂದು ಇಪ್ಪತ್ತಾರಕ್ಕೆ ಚೂರು ಕಡಿಮೆ, ಮತ್ತೊಂದು ಮೂವತ್ತರ ಹತ್ತಿರ. ಹತ್ತಿರ ಬರ್ತವೆ, ದೂರ ಹೋಗ್ತವೆ, ಮೊದಲಿನ ಜೋಡಣೆಗೆ ಮರಳಿ ಬರೋದೇ ಇಲ್ಲ ಅನ್ನಬೇಕು.

ಅವನಿಗೂ ಇದು ಹೊಳೆದದ್ದು ಮಲಗಿಕೊಂಡೇ. 1975ರಲ್ಲಿ ಟ್ಯಾಕ್ಸಿ ಗುದ್ದಿ ಹಾಸಿಗೆ ಹಿಡಿದಿದ್ದ. ನೋಡಲು ಬಂದ ಗೆಳತಿ ಹಾರ್ಪ್ ವಾದ್ಯದ ರೆಕಾರ್ಡು ತಂದಿದ್ದಳು. ಅವಳು ಹೋದ ಮೇಲೆ ಹೇಗೋ ಎದ್ದು ಹಚ್ಚಿ ಬಂದು ಮಲಗಿದ. ನೋಡಿದರೆ ದನಿ ತೀರಾ ಸಣ್ಣ, ಸ್ಪೀಕರಿನಲ್ಲಿ ಒಂದು ಬದಿ ಸತ್ತಿದೆ, ಹೊರಗೆ ಮಳೆ. ಮತ್ತೆ ಏಳಲು ತ್ರಾಣವಿಲ್ಲ. ಮಳೆಯ ನಡುವೆ ಅಲ್ಲೊಂದು ಇಲ್ಲೊಂದು ತಂತಿ ಕೇಳುತ್ತಾ, ಸಂಗೀತ ಹೀಗೂ ಇರಬಹುದಲ್ಲ ಅನ್ನಿಸಿತಂತೆ. ಬೆಳಕು ಇದ್ದ ಹಾಗೆ, ಮಳೆ ಇದ್ದ ಹಾಗೆ, ಕೋಣೆಯ ಒಂದು ಭಾಗವಾಗಿ.

ಈಗ ದಿನಾ ಬೇಕು ನನಗೆ. ಯಕ್ಷಗಾನದ ಚೆಂಡೆ ಹಾಗಲ್ಲ, ತೂಕಡಿಸಿದವನ ಬೆನ್ನಿಗೆ ಗುದ್ದುತ್ತದೆ, ನಮ್ಮ ಮೇಲೆ ಅದಕ್ಕೆ ಹಕ್ಕಿದೆ. ಸಿನಿಮಾ ಹಾಡು ನೆನಪು ಬೇಡುತ್ತದೆ. ಇದು ಬೇಡುವುದಿಲ್ಲ. ನಮ್ಮ ಭಾಷೆಯಲ್ಲಿ ‘ಕೇಳು’ ಅನ್ನೋ ಒಂದೇ ಮಾತಿಗೆ ಎರಡು ಕೆಲಸ ಇದೆಯಲ್ಲ. ಇದು ನನ್ನನ್ನು ಏನೂ ಕೇಳುವುದಿಲ್ಲ, ನಾನೂ ಇದನ್ನು ಕೇಳಲೇಬೇಕು ಅಂತಿಲ್ಲ. ದಿನಗೂಲಿ ಎಷ್ಟು, ಮದುವೆ ಯಾವಾಗ, ಅಲ್ಲೇ ಎಷ್ಟು ವರ್ಷ ಕೊಳೀತೀಯ, ಯಾವ ಪ್ರಶ್ನೆಯೂ ಇಲ್ಲ.

ಇಲ್ಲಿಗೆ ನಿಲ್ಲಿಸಿ ‘ಬಾ, ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಎರಡನೇ ಪ್ಲೇಟು ನಿಂದು’ ಅಂತ ಮುಗಿಸೋಣ ಅಂದುಕೊಂಡಿದ್ದೆ. ಆದರೆ ಈನೊಗಿಂತ ಮುಂಚೆ ಎರಿಕ್ ಸಾಟಿ ಅನ್ನೋ ಫ್ರಾನ್ಸಿನವನ ಕಥೆ ಓದಿದೆ, ಕೆಟ್ಟಿತು. ಅವನು ಪೀಠೋಪಕರಣ ಸಂಗೀತ ಅಂತ ಕಟ್ಟಿದ್ದ. ಕುರ್ಚಿ-ಮೇಜಿನ ಹಾಗೆ ಇರಲಿ, ಯಾರೂ ಗಮನ ಕೊಡಬಾರದು ಅಂತ. 1920ರಲ್ಲಿ ಪ್ಯಾರಿಸ್ಸಿನ ಒಂದು ಗ್ಯಾಲರಿಯಲ್ಲಿ ನುಡಿಸಿದರೆ ಜನ ಮಾತು ನಿಲ್ಲಿಸಿ ಕಿವಿಗೊಟ್ಟರು. ಇವನು ಓಡಾಡಿಕೊಂಡು ಮಾತಾಡಿ, ಮಾತಾಡಿ, ಕೇಳಬೇಡಿ ಅಂತ ಕೂಗಿದನಂತೆ.

ಓದಿ ನಕ್ಕೆ. ಆಮೇಲೆ ಹೋದ ತಿಂಗಳ ಆ ಮಂಗಳವಾರ ನೆನಪಾಯ್ತು.

ಅವತ್ತು ರಾತ್ರಿ ನೀನು ಫೋನ್ ಮಾಡಿದ್ದೆ. ಫೋನಿನಲ್ಲಿ ಇನ್ನೂ ಇದೆ, 52 ನಿಮಿಷ. ಸಿಗ್ನಲ್ ಸಿಗೋ ಕಿಟಕಿಯ ಹಲಗೆ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, ನಾನು ಚೆಕ್‌ರೋಲ್ ಕೂಡುತ್ತಾ ಕೂತಿದ್ದೆ. ನಿನ್ನ ದನಿ ಸಣ್ಣಗೆ ಬರುತ್ತಿತ್ತು, ಹೊರಗೆ ಮಳೆ, ಒಳಗೆ ತಪಲೆ. ಎಷ್ಟು ಹಿತವಾಗಿತ್ತು ಗೊತ್ತಾ. ಅಷ್ಟು ನೆಮ್ಮದಿಯ ರಾತ್ರಿ ಈ ಮಳೆಗಾಲದಲ್ಲಿ ಇನ್ನೊಂದಿಲ್ಲ. ನೀನು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ‘ಹ್ಞೂಂ’ ಅಂದೆ. ‘ಮನೆ’ ಅಂದಿದ್ದು ನೆನಪಿದೆ, ‘ಮಾರ್ಚಿಂದ’ ಅಂದಿದ್ದು ನೆನಪಿದೆ. ನಡುವೆ ಒಂದು ಕಡೆ ನಿನ್ನ ಗಂಟಲು ಕಟ್ಟಿತು, ನೆಗಡಿ ಅಂದುಕೊಂಡೆ. ಇಲ್ಲ, ಅಂದುಕೊಂಡೆ ಅನ್ನೋದೂ ಸುಳ್ಳು. ನೆಗಡಿ ಆಗಿರಲಿ ಅಂತ ಬಿಟ್ಟೆ.

ಫೋನ್ ಇಡುವ ಮೊದಲು ನೀನಂದೆ, ‘ಹಗುರ ಆಯ್ತು ಕಣೋ. ಇಷ್ಟು ಹೊತ್ತು ಕೇಳೋನು ನೀನೊಬ್ಬನೇ.’

ಆ ಚೆಕ್‌ರೋಲ್‌ನಲ್ಲಿ ಒಂದಾಳಿನ ತಪ್ಪೂ ಇರಲಿಲ್ಲ, ಗೊರಬು.

ಮತ್ತೆ ಫೋನ್ ಮಾಡಿ ‘ಅವತ್ತು ಏನಂದೆ’ ಅಂತ ಕೇಳಲು ನಾಲ್ಕು ಸಲ, ಸಿಗ್ನಲ್ ಇನ್ನೂ ಚೆನ್ನಾಗಿ ಸಿಗೋ ಪಂಪ್‌ಹೌಸಿನ ಬಂಡೆ ಹತ್ತಿ ಇಳಿದೆ. ಜನರ ಮುಂದೆ ಹೇಳಿದರೆ ನೀನು ಅಮ್ಮ-ಅಕ್ಕ ಅಂತ ಬೈಯಲಾರೆ ಅನ್ನೋ ಧೈರ್ಯದಲ್ಲಿ ಇಲ್ಲಿ ಬರೆದೆ, ಇದೇ ಆ ಕಾರಣ. ಓದುವವರು ‘ಅಯ್ಯೋ ಎಂಥ ಪ್ರಾಮಾಣಿಕ’ ಅಂತ ಒಂದು ಹೃದಯ ಒತ್ತಿಹೋಗಲಿ ಅನ್ನೋ ಆಸೆಯೂ ಇಲ್ಲದಿಲ್ಲ. ನಿನಗೆ ನನ್ನ ಬಣ್ಣ ಗೊತ್ತಲ್ಲ, ಹೆಡ್‌ಲೈಟ್ ಪ್ರಕರಣದಿಂದಲೂ.

ಸರಿ, ಅಳುಮುಂಜಿ ಸಾಕು. ಆ 52 ನಿಮಿಷದಲ್ಲಿ ಯಾವುದಾದರೂ ಸಾಲಕ್ಕೆ ಜಾಮೀನು ನಿಲ್ತೀನಿ ಅಂತ ‘ಹ್ಞೂಂ’ ಅಂದಿದ್ದರೆ ದಯವಿಟ್ಟು ಈಗಲೇ ತಿಳಿಸು. ನಾಯಿಮರಿ ಸಾಕ್ತೀನಿ ಅಂದಿದ್ದರೆ ಪರವಾಗಿಲ್ಲ, ಕಳಿಸು. ಈ ಮಂಗಳವಾರ ಒಂಬತ್ತಕ್ಕೆ ಬಂಡೆ ಮೇಲೆ ಕೊಡೆ ಹಿಡಿದು ಕೂತಿರ್ತೀನಿ, ಲೆಕ್ಕದ ಪುಸ್ತಕ ಇಲ್ಲದೆ. ಮೊದಲಿಂದ ಹೇಳು. ಇಲ್ಲ ಅಂದರೆ ಬಂದೇಬಿಡು, ಕಳಲೆ ಪಲ್ಯ, ಅಕ್ಕಿರೊಟ್ಟಿ ಮಾಡಿಸ್ತೀನಿ.

ಬರೋದಾದರೆ ಒಂದು ಪಾತ್ರೆ ತಗೊಂಡು ಬಾ. ನಿನ್ನೆಯಿಂದ ನಾಲ್ಕನೇ ಕಡೆಯೂ ಸೋರ್ತಿದೆ, ಸರಿಯಾಗಿ ನನ್ನ ದಿಂಬಿನ ಮೇಲೆ.

ನಿನ್ನ,
ರೈಟರ್