ಕಡಸಿನ ತೂಕಕ್ಕೆ ಕಣ್ಣಂದಾಜು ಸಾಲದು

ಮಾನ್ಯರೆ,

ಬೆದೆಗೆ ಬಂತು ಎಂಬ ಒಂದೇ ಕಾರಣಕ್ಕೆ ಕಡಸಿಗೆ, ಅಂದರೆ ಇನ್ನೂ ಕರು ಹಾಕದ ಎಳೆಹಸುವಿಗೆ, ಕೃತಕ ಗರ್ಭಧಾರಣೆ ಮಾಡಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಬೆದೆಯ ಜೊತೆಗೆ ತೂಕವನ್ನೂ ನೋಡಲೇಬೇಕು. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿ ಕಡಸು ಸುಮಾರು 250 ಕೆ.ಜಿ. ತೂಗುವ ಮೊದಲೇ ಗಬ್ಬವಾದರೆ ಹೆರಿಗೆಯಲ್ಲಿ ಕರು ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ತಿಂದ ಮೇವು ಅದರ ಸ್ವಂತ ಬೆಳವಣಿಗೆಗೂ ಹಂಚಿಹೋಗುವುದರಿಂದ ಮೊದಲ ಸೂಲಿನ ಹಾಲು ಕುಗ್ಗುತ್ತದೆ, ಮತ್ತೆ ಬೆದೆಗೆ ಬರುವುದೂ ತಡವಾಗುತ್ತದೆ.

ಊರಿನಲ್ಲಿ ದನ ತೂಗುವ ತಕ್ಕಡಿ ಇಲ್ಲದಿದ್ದರೂ ಟೇಪು ಸಾಕು. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮೈಯುದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಅಳತೆಗಳೆರಡೂ ಸೆಂಟಿಮೀಟರಿನಲ್ಲಿರಬೇಕು. ಸುತ್ತಳತೆ 150, ಉದ್ದ 125 ಇದ್ದರೆ ತೂಕ ಸುಮಾರು 260 ಕೆ.ಜಿ. ಇಂಚಿನಲ್ಲಿ ಅಳೆದವರು 300ರಿಂದ ಭಾಗಿಸುತ್ತಾರೆ. ಆಗ ಬರುವುದು ಪೌಂಡು. ಅದನ್ನೇ ಕೆ.ಜಿ. ಎಂದುಕೊಂಡರೆ ಕಡಸು ಎರಡು ಪಟ್ಟಿಗಿಂತಲೂ ಭಾರವಾಗಿ ಕಾಣುತ್ತದೆ! 0.4536ರಿಂದ ಗುಣಿಸಿಕೊಳ್ಳಬೇಕು.

ಲೆಕ್ಕ ಸುಲಭ, ಎಡವಟ್ಟಾಗುವುದು ಅಳೆಯುವಾಗ. ಮುಂಗಾಲಿನ ಮೊಣಕೈಗೆ ತಾಗಿದಂತೆ ಹಿಂದೆ, ಮೇಲೆ ಹೆಗಲಿನ ಹಿಂಭಾಗದಲ್ಲಿ ಟೇಪು ಸುತ್ತಬೇಕು. ಹಳ್ಳಿಕಾರ್, ಅಮೃತಮಹಲ್‌ನಂಥ ದೇಸಿ ತಳಿಗಳಲ್ಲಿ ಹಿಣಿಲಿನ (ಹೆಗಲ ಮೇಲಿನ ಡುಬ್ಬದ) ಮೇಲೆ ಹಾಯಿಸಿದರೆ ಸುತ್ತಳತೆ ಸುಳ್ಳಾಗಿ ಹೆಚ್ಚುತ್ತದೆ. ಹಿಣಿಲಿನ ಹಿಂದಕ್ಕೇ ಹಾಯಿಸಿ. ಟೇಪು ಚರ್ಮಕ್ಕೆ ಕೂತಿರಬೇಕು, ಒತ್ತಬಾರದು. ಉದ್ದವನ್ನು ಭುಜದ ಮುಂತುದಿಯ ಮೂಳೆಯಿಂದ ಬಾಲದ ಬುಡದ ಪಕ್ಕ ಚಾಚಿದ ಮೂಳೆಯ ತುದಿಯವರೆಗೆ ಬಿಗಿಯಾಗಿ ನೇರಕ್ಕೆ ಹಿಡಿಯಿರಿ. ಹೊಟ್ಟೆಯ ಉಬ್ಬಿನ ಮೇಲೆ ಹರಿದರೆ ಅಳತೆ ಹೆಚ್ಚಾಗುತ್ತದೆ. ಕಡಸು ಸಮನೆಲದಲ್ಲಿ ನಾಲ್ಕೂ ಕಾಲು ಸರಿಯಾಗಿ ಊರಿ, ತಲೆಯನ್ನು ಸಹಜ ಎತ್ತರದಲ್ಲಿ ಹಿಡಿದು ನಿಂತಿರಲಿ. ಬೆಳಿಗ್ಗೆ ಮೇವು ನೀರಿಗೆ ಮುಂಚೆ ಅಳೆಯುವುದು ಒಳ್ಳೆಯದು. ಹೊಲಿಗೆಯವರ ಟೇಪು 150 ಸೆಂ.ಮೀ.ಗೇ ಮುಗಿಯುತ್ತದೆ, ಬಟ್ಟೆಯದು ಬಳಸಿದಂತೆ ಹಿಗ್ಗುತ್ತದೆ. ಹಿಗ್ಗದ ಹುರಿ ಸುತ್ತಿ ಗುರುತು ಮಾಡಿ, ಅದನ್ನು ಬಿಚ್ಚಿ ಅಳೆದರೂ ಆದೀತು.

ಸುತ್ತಳತೆಯಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದು ಲೆಕ್ಕದಲ್ಲಿ ಎರಡು ಸಲ ಬರುತ್ತದೆ. ಮೇಲಿನ ಕಡಸಿನಲ್ಲೇ ಸುತ್ತಳತೆಯನ್ನು 5 ಸೆಂ.ಮೀ. ಹೆಚ್ಚು ಓದಿದರೆ ತೂಕ 17–18 ಕೆ.ಜಿ. ಏರುತ್ತದೆ, ಉದ್ದದಲ್ಲಿ ಅಷ್ಟೇ ತಪ್ಪಿದರೆ ಸುಮಾರು 10 ಕೆ.ಜಿ. ಮಾತ್ರ. ಆದ್ದರಿಂದ ಎರಡು ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ತುಂಬು ಗಬ್ಬದ ಹಸುವಿಗೂ ಎಳೆಗರುವಿಗೂ ಈ ಸೂತ್ರವನ್ನು ನಂಬಬೇಡಿ.

ಜಂತುಹುಳು ಔಷಧಕ್ಕೂ ಇದೇ ತೂಕ ಬೇಕು. ಫೆನ್‌ಬೆಂಡಜೋಲ್ ಕೆ.ಜಿ.ಗೆ 5 ಮಿ.ಗ್ರಾಂ. ಲೆಕ್ಕದಲ್ಲಿ 260 ಕೆ.ಜಿ.ಗೆ 1,300 ಮಿ.ಗ್ರಾಂ. ಆಗುತ್ತದೆ. ಕಣ್ಣಂದಾಜಿಗೆ 200 ಎಂದುಕೊಂಡು 1,000 ಮಿ.ಗ್ರಾಂ. ಕೊಟ್ಟರೆ ಹುಳುಗಳೆಲ್ಲ ಸಾಯುವುದಿಲ್ಲ, ಉಳಿದವು ಔಷಧಕ್ಕೆ ಜಗ್ಗದ ಸಂತತಿ ಬೆಳೆಸುತ್ತವೆ. ನಷ್ಟ ಆ ಒಂದು ಕೊಟ್ಟಿಗೆಗಲ್ಲ, ಇಡೀ ಊರಿನ ಗೋಮಾಳಕ್ಕೆ.

ಪ್ರತಿ ಹಾಲು ಉತ್ಪಾದಕರ ಸಹಕಾರ ಸಂಘದಲ್ಲೂ ಒಂದು ಗಟ್ಟಿ ಟೇಪು, ಗೋಡೆಯ ಮೇಲೆ ಸುತ್ತಳತೆ–ಉದ್ದದ ಕೋಷ್ಟಕ, ಕಡಸುಗಳ ತೂಕ ಬರೆಯಲು ಒಂದು ಪುಸ್ತಕ ಇರಲಿ. ತಿಂಗಳಿಗೊಮ್ಮೆ ಅಳೆದು ಬರೆದರೆ ದಿನಕ್ಕೆ ಅರ್ಧ ಕೆ.ಜಿ.ಯಾದರೂ ಏರುತ್ತಿದೆಯೇ ಎಂದು ತಿಳಿಯುತ್ತದೆ. ಏರದಿದ್ದರೆ ಮೇವನ್ನೂ ಹುಳುವನ್ನೂ ಆಗಲೇ ವಿಚಾರಿಸಬಹುದು. ಸಂಘಗಳ ಕಾರ್ಯದರ್ಶಿಗಳು ಮುಂದಿನ ಜಂತುಹುಳು ಔಷಧದ ಸುತ್ತಿಗೆ ಮೊದಲೇ ಈ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಪಶುವೈದ್ಯ, ಹಾಸನ ಜಿಲ್ಲೆ