ಅರ್ಧ ದಿನ ಖಾಲಿ ಓಡುವ ಪಿಕಪ್‌ಗೆ ಗಟ್ಟಿ ಶಾಕ್ ಬೇಡ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಸರಕು ಗಾಡಿಯ ಮಾಲೀಕರೊಬ್ಬರು ಬರೆದದ್ದನ್ನು ಓದಿದೆ. ಬೆಂಗಳೂರಿನ ಗುಂಡಿಗಳಿಂದ ಗಾಡಿ ಉಳಿಯಬೇಕಾದರೆ ಹಳೆಯ ಪಿಕಪ್‌ಗಳಿಗೆಲ್ಲ ಹೆವಿ ಡ್ಯೂಟಿ ಗ್ಯಾಸ್ ಶಾಕ್ (ಶಾಕ್ ಅಬ್ಸಾರ್ಬರ್) ಹಾಕಿಸಿ, ಹಿಂದಿನ ಸ್ಪ್ರಿಂಗ್‌ಗೆ ಒಂದೊಂದು ಲೀಫ್ ಪ್ಲೇಟ್, ಅಂದರೆ ಉಕ್ಕಿನ ಪಟ್ಟಿ, ಸೇರಿಸಿಬಿಡಿ ಎಂದು ಅವರು ಸಲಹೆ ಕೊಟ್ಟಿದ್ದಾರೆ. ಗುಂಡಿಗಳ ಮೇಲಿನ ಅವರ ಸಿಟ್ಟು ನನ್ನದೂ ಹೌದು. ಆದರೆ ಊರೊಳಗೇ ಓಡಾಡುವ ಗಾಡಿಗೆ ಈ ಸಲಹೆ ಹೊಂದುವುದಿಲ್ಲ. ಅದನ್ನು ನಂಬಿ ದುಡ್ಡು ಕಳೆದುಕೊಳ್ಳುವವರು ಬಹಳ ಜನ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾಮಾಕ್ಷಿಪಾಳ್ಯದಲ್ಲಿ ನನ್ನದು ಮೊಟ್ಟೆ ಸಗಟು ವ್ಯಾಪಾರ. ನಾಮಕ್ಕಲ್ ಕಡೆಯಿಂದ ಲಾರಿಯಲ್ಲಿ ಬಂದ ಮಾಲು ನಮ್ಮ 2011ರ ಬೊಲೆರೊ ಪಿಕಪ್‌ನಲ್ಲಿ ಬಸವೇಶ್ವರನಗರ, ವಿಜಯನಗರ, ನಾಗರಭಾವಿಯ ಅಂಗಡಿ ಬೇಕರಿಗಳಿಗೆ ಹೋಗುತ್ತದೆ. ಮೂವತ್ತು ಮೊಟ್ಟೆಯ ಏಳು ಟ್ರೇ ಸೇರಿದರೆ ಒಂದು ಕಟ್ಟು, ತೂಕ ಹನ್ನೆರಡು ಕೆ.ಜಿ. ಆಸುಪಾಸು. ಬೆಳಗಿನ ಜಾವ ಹೊರಡುವಾಗ ಗಾಡಿಯಲ್ಲಿ ಮುಕ್ಕಾಲು ಟನ್‌ ಭಾರ ಇದ್ದರೆ, ಹತ್ತು ಗಂಟೆಯ ಹೊತ್ತಿಗೆ ಅದು ಅರ್ಧಕ್ಕೆ ಇಳಿದಿರುತ್ತದೆ. ಮಧ್ಯಾಹ್ನ ವಾಪಸ್ ಬರುವಾಗ ಖಾಲಿ ಟ್ರೇ ಬಿಟ್ಟರೆ ಬೇರೇನೂ ಇರುವುದಿಲ್ಲ. ತರಕಾರಿ, ನೀರಿನ ಕ್ಯಾನ್, ಹಾಲು, ಬ್ರೆಡ್ಡು ಹೊರುವ ಗಾಡಿಗಳ ಪಾಡೂ ಇದೇ. ಶಾಕ್ ಆರಿಸುವಾಗ ಮೊದಲು ನೋಡಬೇಕಾದದ್ದು ಈ ದಿನಚರಿಯನ್ನು. ಗುಂಡಿಯ ಮಾತು ಆಮೇಲಿನದು.

ಭಾರ ಹೊರುವುದು ಈ ಪ್ಲೇಟ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್. ಶಾಕ್ ಭಾರ ಹೊರುವುದಿಲ್ಲ. ಎಷ್ಟೇ ದಪ್ಪದ ಶಾಕ್ ಹಾಕಿಸಿದರೂ ಗಾಡಿ ಐವತ್ತು ಕೆ.ಜಿ. ಹೆಚ್ಚು ಹೊರಲಾರದು. ಚಕ್ರ ಗುಂಡಿಗಿಳಿದು ಎದ್ದ ಮೇಲೆ ಸ್ಪ್ರಿಂಗ್ ಒಂದೇ ಏಟಿಗೆ ಸುಮ್ಮನಾಗದೆ ಮೇಲೆ ಕೆಳಗೆ ಆಡುತ್ತದಲ್ಲ, ಆ ಆಟವನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಸಣ್ಣ ತೂತುಗಳಲ್ಲಿ ನೂಕುತ್ತದೆ. ಕುಲುಕಾಟದ ಶಕ್ತಿಯೆಲ್ಲ ಎಣ್ಣೆಯ ಬಿಸಿಯಾಗಿ ಹೊರಗೆ ಹೋಗುತ್ತದೆ. ಹೆವಿ ಡ್ಯೂಟಿ ಎಂದು ಮಾರುವ ಶಾಕ್‌ಗಳಲ್ಲಿ ಹೆಚ್ಚಿನವು ಈ ತಡೆಯನ್ನು ಬಿಗಿ ಮಾಡಿರುತ್ತವೆ. ಗಾಡಿ ತುಂಬಾ ಲೋಡಿದ್ದಾಗ ಅದು ಸರಿಯೇ. ಗಾಡಿ ಖಾಲಿಯಾದಾಗ ಮಾತ್ರ, ಮೊದಲೇ ಬಗ್ಗದ ಪ್ಲೇಟ್‌ಗಳ ಜೊತೆ ಶಾಕ್ ಕೂಡ ಬಗ್ಗುವುದಿಲ್ಲ ಎನ್ನುತ್ತದೆ. ಆಗ ಚಕ್ರಕ್ಕೆ ಬಿದ್ದ ಏಟು ನೇರ ಚಾಸಿಗೆ, ಅಲ್ಲಿಂದ ಮಾಲಿಗೆ, ಡ್ರೈವರ್‌ನ ಸೊಂಟಕ್ಕೆ.

ಮೊಟ್ಟೆ ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ತುಂಬಿದ ಗಾಡಿಯಲ್ಲಿ ಒಡೆಯುವುದು ಕಡಿಮೆ. ಅರ್ಧ ಮಾಲು ಇಳಿಸಿದ ಮೇಲೆ ಹಿಂಬದಿಯ ಕಟ್ಟುಗಳು ಹಂಪಿನ ಮೇಲೆ ಎದ್ದು ಬೀಳುತ್ತವೆ, ಅಡಿಯ ಟ್ರೇ ಒದ್ದೆಯಾಗುತ್ತದೆ. ನಮ್ಮ ಓಣಿಯ ಇನ್ನೊಬ್ಬ ವ್ಯಾಪಾರಿ ಗಟ್ಟಿ ಶಾಕ್ ಹಾಕಿಸಿದ ಮೇಲೆ ಅವರಲ್ಲಿ ಈ ಅಡಿಯ ಟ್ರೇ ನಷ್ಟ ಕಣ್ಣಿಗೆ ಕಾಣುವಷ್ಟು ಹೆಚ್ಚಾಯಿತು. ಕಂಪನಿಯ ಅಳತೆಯ ಸಾಮಾನ್ಯ ಎಣ್ಣೆ ಶಾಕ್‌ಗೆ ಅವರು ಮರಳಿದರು, ನಷ್ಟವೂ ಇಳಿಯಿತು. ನಾನೂ ಹಾಕಿಸಿರುವುದು ಅದನ್ನೇ.

ಗ್ಯಾಸ್ ಶಾಕ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಎಣ್ಣೆಯೊಂದಿಗೆ ಗಾಳಿ ಬೆರೆತು ನೊರೆಯೆದ್ದರೆ ಶಾಕ್ ಹಿಡಿತ ಕಳೆದುಕೊಳ್ಳುತ್ತದೆ. ಒತ್ತಡದಲ್ಲಿ ನೈಟ್ರೋಜನ್ ತುಂಬಿಟ್ಟರೆ ಆ ನೊರೆ ಏಳುವುದು ಕಡಿಮೆ. ಕೆಟ್ಟ ರಸ್ತೆಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿಸುವವರಿಗೆ ಅದರ ಉಪಯೋಗ ಖಂಡಿತ ಇದೆ. ಸುಮನಹಳ್ಳಿ ಜಂಕ್ಷನ್‌ನಲ್ಲಿ ಮೊದಲ ಗೇರಿನಲ್ಲಿ ತೆವಳುವ ಗಾಡಿಯ ಶಾಕ್ ನೊರೆ ಬರುವಷ್ಟು ಬಿಸಿಯಾಗುವುದೇ ಇಲ್ಲ. ನಿಮ್ಮ ಗಾಡಿಗೆ ಕಂಪನಿಯವರೇ ಗ್ಯಾಸ್ ಕೊಟ್ಟಿದ್ದರೆ ಗ್ಯಾಸನ್ನೇ ಹಾಕಿಸಿ. ಎಣ್ಣೆಯದು ಕೊಟ್ಟಿದ್ದರೆ ಊರೊಳಗಿನ ಓಡಾಟಕ್ಕೆ ಅದೇ ಸಾಕು. ಒಂದು ಬದಿಗೆ ಒಂದು ಬಗೆ, ಇನ್ನೊಂದು ಬದಿಗೆ ಇನ್ನೊಂದು ಬಗೆ ಮಾತ್ರ ಎಂದಿಗೂ ಬೇಡ. ಒಂದೇ ಸೋರುತ್ತಿದ್ದರೂ ಆ ಆಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು.

ಹೆಚ್ಚುವರಿ ಪ್ಲೇಟ್ ವಿಷಯ ಇನ್ನೂ ಗಂಭೀರ. ಪ್ಲೇಟ್ ಸೇರಿಸಿದರೆ ಗಾಡಿಯ ಹಿಂಬದಿ ಎತ್ತರವಾಗುತ್ತದೆ, ಶಾಕ್‌ನ ಉದ್ದ ಮಾತ್ರ ಅಷ್ಟೇ ಉಳಿಯುತ್ತದೆ. ಅಂದರೆ ನಿಂತಲ್ಲೇ ಅದು ಬಹುಪಾಲು ಎಳೆದುಕೊಂಡಿರುತ್ತದೆ. ಚಕ್ರ ಗುಂಡಿಗಿಳಿದಾಗ ಇನ್ನು ಎಳೆಯಲು ಜಾಗವಿರುವುದಿಲ್ಲ. ಆಕ್ಸಲ್‌ನ ಇಡೀ ತೂಕ ಶಾಕ್‌ನ ಕಣ್ಣಿಗೆ (ತುದಿಯ ಬಳೆಗೆ) ಜೋತುಬಿದ್ದು ಅದರೊಳಗಿನ ರಬ್ಬರ್ ಬುಶ್ ಹರಿಯುತ್ತದೆ, ಸೀಲ್ ಹೋಗುತ್ತದೆ, ಕೆಲವು ಸಲ ಬ್ರಾಕೆಟ್ಟೇ ಕಿತ್ತುಬರುತ್ತದೆ. ಆಮೇಲೆ ಶಾಕ್ ಕಂಪನಿಯನ್ನು ಬೈಯುತ್ತೇವೆ. ಭಾರ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವ್ ಇರುವ ಗಾಡಿಯಾದರೆ ಅಪಾಯ ಇನ್ನೂ ದೊಡ್ಡದು. ಹಿಂಬದಿ ಎತ್ತರವಾಗಿರುವುದರಿಂದ ಆ ವಾಲ್ವ್ ಗಾಡಿ ಖಾಲಿಯಿದೆ ಎಂದೇ ಲೆಕ್ಕ ಹಾಕಿ, ಲೋಡಿದ್ದರೂ ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಕೊಡುತ್ತದೆ. ಶಾಲೆ ಬಿಡುವ ಹೊತ್ತಿನ ರಸ್ತೆಯಲ್ಲಿ ಇದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಶಾಕ್ ಹೋಗಿದೆ ಎಂದು ತೀರ್ಮಾನಿಸುವ ಮೊದಲು ಬುಶ್ ನೋಡಿಸಿ. ಹಿಂದಿನಿಂದ ಟಕ್ ಟಕ್ ಎನ್ನುವ ಸದ್ದಿಗೆ ಎಷ್ಟೋ ಸಲ ಸವೆದ ರಬ್ಬರ್ ಬುಶ್ಶೋ, ಸ್ಪ್ರಿಂಗ್ ತುದಿಯ ಶ್ಯಾಕಲ್ ಪಿನ್ನೋ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲವಾದದ್ದೋ ಕಾರಣ. ‘ಅಕ್ಕ, ಸದ್ದು ಬಂತು ಅಂತ ಶಾಕ್ ಬಿಚ್ಚಿದರೆ ನನಗೆ ಲಾಭ, ನಿಮಗಲ್ಲ’ ಎಂದು ನಮ್ಮ ಗ್ಯಾರೇಜಿನ ಮೇಸ್ತ್ರಿ ಹೇಳುತ್ತಾರೆ. ಅಂಥ ಮೇಸ್ತ್ರಿ ಸಿಗುವುದು ಪುಣ್ಯ. ಶಾಕ್ ಮೈಮೇಲೆ ತೆಳ್ಳಗೆ ಎಣ್ಣೆಪಸೆ ಕಂಡು ಧೂಳು ಅಂಟಿದ್ದರೆ ಗಾಬರಿಯಾಗಬೇಕಿಲ್ಲ. ಎಣ್ಣೆ ಇಳಿದು ತೊಟ್ಟಿಕ್ಕುತ್ತಿದ್ದರೆ ಅದರ ಕಥೆ ಮುಗಿದ ಹಾಗೆ. ಟೈರನ್ನು ಕೈಯಲ್ಲಿ ಸವರಿದಾಗ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಸಿಕ್ಕರೆ ಅದೂ ಒಂದು ಗುರುತು. ಕಾರಿನ ಹಾಗೆ ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಪಿಕಪ್‌ನ ಹಿಂಬದಿಗೆ ನಂಬಬೇಡಿ. ಅಲ್ಲಿ ಪ್ಲೇಟ್‌ಗಳ ಉಜ್ಜಾಟವೇ ಅಷ್ಟಿಷ್ಟು ತಡೆ ಕೊಡುವುದರಿಂದ ಹಾಳಾದ ಶಾಕ್ ಕೂಡ ಚೆನ್ನಾಗಿರುವಂತೆ ಕಾಣುತ್ತದೆ.

ಇನ್ನು ಕೊಳ್ಳುವ ಮಾತು. ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಒಂದೇ ಶಾಕ್‌ಗೆ ಮೂರು ಅಂಗಡಿಯಲ್ಲಿ ಮೂರು ಬೆಲೆ ಕೇಳಬಹುದು. ವಿಪರೀತ ಅಗ್ಗದ್ದು ಸಿಕ್ಕಿದರೆ ಅದು ಹಳೆಯದಕ್ಕೆ ಎಣ್ಣೆ ತುಂಬಿ ಬಣ್ಣ ಬಳಿದದ್ದೇ ಎಂದು ಮೊದಲು ಅನುಮಾನಿಸಿ. ಮೈಮೇಲೆ ತೂತು ಕೊರೆದು ವೆಲ್ಡ್ ಮಾಡಿದ ಗುಬುಟು ಇದೆಯೇ, ಅಚ್ಚಿನ ಅಕ್ಷರದ ಮೇಲೆ ಬಣ್ಣ ಮೆತ್ತಿದೆಯೇ, ರಾಡ್ ಮೇಲೆ ಗೀರುಗಳಿವೆಯೇ ನೋಡಿ. ಎಣ್ಣೆ ಶಾಕ್ ಆದರೆ ಗಾಡಿಯಲ್ಲಿ ಕೂರುವ ಹಾಗೆಯೇ ನೆಟ್ಟಗೆ ಹಿಡಿದು ನಾಲ್ಕಾರು ಸಲ ಪೂರ್ತಿ ಎಳೆದು ಒತ್ತಿ. ಆಮೇಲೂ ನಡುವೆ ಎಲ್ಲಾದರೂ ಹಿಡಿತವಿಲ್ಲದೆ ಸಲೀಸಾಗಿ ಜಾರಿದರೆ ಅದನ್ನು ತೆಗೆದುಕೊಳ್ಳಬೇಡಿ. ಗ್ಯಾಸ್ ಶಾಕ್‌ನ ರಾಡನ್ನು ಒಳಕ್ಕೆ ಒತ್ತಿ ಹಿಡಿದಿರುವ ಪಟ್ಟಿ ಬಿಚ್ಚಿದರೆ ಆ ರಾಡ್ ತಾನಾಗಿಯೇ ಹೊರಬರಬೇಕು. ಬರದಿದ್ದರೆ ಒಳಗೆ ಗ್ಯಾಸ್ ಇಲ್ಲ ಎಂದರ್ಥ. ನಿಮ್ಮ ಹಳೆಯ ಶಾಕ್ ಕೈಯಲ್ಲೇ ಹಿಡಿದು ಹೋಗಿ, ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಮುಚ್ಚಿದಾಗಿನ ಉದ್ದ ಎರಡನ್ನೂ ಹೊಸದರೊಂದಿಗೆ ಹೋಲಿಸಿ. ‘ಎಲ್ಲ ಪಿಕಪ್‌ಗೂ ಒಂದೇ’ ಎನ್ನುವ ಅಂಗಡಿಯಿಂದ ಹೊರಗೆ ಬನ್ನಿ.

ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಪಾರ್ಟ್ ನಂಬರ್ ಬರೆಸಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಾದ ಮೇಲೂ ಒಂದು ಅಂಗಡಿಯಲ್ಲಿ ನನಗೆ ಹಳೆಯ ಬೆಲೆಯನ್ನೇ ಬಾಯಲ್ಲಿ ಹೇಳಿ, ಬಿಲ್ ಬೇಡವಾದರೆ ಕಡಿಮೆ ಮಾಡುತ್ತೇವೆ ಎಂದರು. ಬಿಲ್ ಇಲ್ಲದ ಶಾಕ್ ಮೂರನೇ ತಿಂಗಳಿಗೆ ಸೋರಿದರೆ ವಾರಂಟಿ ಎಂದು ಯಾರ ಬಾಗಿಲು ತಟ್ಟುವುದು?

ಜೋಡಿಸುವಾಗಲೂ ನೀವು ಪಕ್ಕದಲ್ಲೇ ನಿಲ್ಲುವುದು ಒಳ್ಳೆಯದು. ಚಕ್ರ ನೇತಾಡುತ್ತಿರುವಾಗಲೇ ನಟ್ಟು ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ. ಗಾಡಿಯನ್ನು ನೆಲಕ್ಕಿಳಿಸಿಯೇ ಕೊನೆಯ ಬಿಗಿ ಕೊಡಿಸಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವುದು ಇದ್ದೇ ಇದೆ. ಬಣ್ಣ, ರಿಫ್ಲೆಕ್ಟರ್ ಎಂದು ಖರ್ಚು ಮಾಡುವ ಆ ಹೊತ್ತಿಗೇ ಶಾಕ್, ಬುಶ್ ಕೂಡ ನೋಡಿಸಿದರೆ ಬೇರೆ ದಿನ ಗಾಡಿ ನಿಲ್ಲಿಸಬೇಕಾಗುವುದಿಲ್ಲ.

ರಸ್ತೆ ನೋಡಿಕೊಳ್ಳುವವರಿಗೂ ಒಂದು ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಗಾಡಿ ನೆಮ್ಮದಿಯಾಗಿ ದಾಟಲೆಂದು ಹಾಕಿದ ಲೆಕ್ಕ ಅದು. ನಮ್ಮ ಅಡ್ಡರಸ್ತೆಗಳಲ್ಲಿರುವುದು ಒಂದಡಿ ಅಗಲದ ಕಾಂಕ್ರೀಟ್ ದಿಂಡು. ನಡೆಯುವ ವೇಗದಲ್ಲಿ ದಾಟಿದರೂ ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಏಟು ತಪ್ಪಿದ್ದಲ್ಲ. ಮಕ್ಕಳ ಸುರಕ್ಷತೆಗೆ ಹಂಪ್ ಬೇಕು, ನಾನು ವಿರೋಧಿಸುವುದಿಲ್ಲ. ಅದನ್ನು ಅಳತೆಗೆ ಸರಿಯಾಗಿ ಕಟ್ಟಿ ಬಣ್ಣ ಬಳಿಯಿರಿ ಎಂದಷ್ಟೇ ಕೇಳುತ್ತೇನೆ.

ಕೊನೆಯದಾಗಿ, ಕಳೆದ ವಾರದ ಪತ್ರ ಬರೆದವರಲ್ಲಿ ನನ್ನ ಕೋರಿಕೆ. ನೀವು ಈಗಾಗಲೇ ಪ್ಲೇಟ್ ಸೇರಿಸಿದ್ದರೆ ಗಾಡಿಯನ್ನು ಚಾಸಿಗೆ ಜಾಕ್ ಕೊಟ್ಟು ಎತ್ತಿಸಿ, ಕೆಳಗೆ ಭದ್ರವಾಗಿ ಸ್ಟ್ಯಾಂಡ್ ಇಡಿಸಿ. ಹಿಂದಿನ ಚಕ್ರ ಜೋತುಬಿದ್ದಾಗ ಆಕ್ಸಲ್ ಶಾಕ್ ಮೇಲೆಯೇ ನೇತಾಡುತ್ತಿದ್ದರೆ, ಈ ಮಳೆಗಾಲಕ್ಕೆ ಮೊದಲು ಆ ಪ್ಲೇಟ್ ತೆಗೆಸಿಬಿಡಿ.

ಇಂತಿ,
ಮೊಟ್ಟೆ ಸಗಟು ವ್ಯಾಪಾರಿ,
ಕಾಮಾಕ್ಷಿಪಾಳ್ಯ, ಬೆಂಗಳೂರು